ಮೈದಾನಕ್ಕೆ ಹಾಲ್ ಕೇಳೋಣವೋ, ಚರಂಡಿ ಕೇಳೋಣವೋ? ಶನಿವಾರದೊಳಗೆ ತಿಳಿಸಿ

ಸಂಘದ ಕಾರ್ಯದರ್ಶಿ (ಅಡ್ಮಿನ್)
ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಮೈದಾನದಲ್ಲಿ ಎರಡನೇ ಕ್ರಾಸಿನ ಹುಡುಗಿ ಕಾಲು ಉಳುಕಿಸಿಕೊಂಡಿದ್ದು ನಿಮಗೆಲ್ಲ ಗೊತ್ತಿದೆ. ಶಾಮಿಯಾನದವರು ಗಣಪತಿ ಹಬ್ಬಕ್ಕೆ ಹೊಡೆದ ಗೂಟ ಕಿತ್ಕೊಂಡು ಹೋದ್ರು, ಗುಂಡಿ ನಮಗೆ ಬಿಟ್ಟು ಹೋದ್ರು. ಡಿಸೆಂಬರ್ ಬಂದ್ರೂ ಅದು ಹಾಗೇ ಇದೆ. ಪೂರ್ವದ ಮೂಲೆಗೆ ಯಾರೋ ಹಳೇ ಮನೆ ಕೆಡವಿದ ಇಟ್ಟಿಗೆ ಚೂರು ಸುರಿದಿದ್ದಾರೆ. ಮಳೆಗಾಲದಲ್ಲಿ ನೀರು ನಿಲ್ಲೋದು ಇದ್ದೇ ಇದೆ. ಹತ್ತು ಜನ ಹತ್ತು ಕಾಗದ ಕೊಡೋದು ಬೇಡ, ಈ ಸಲ ಪಾಲಿಕೆಗೆ ಒಂದೇ ಮನವಿ ಕೊಡೋಣ. ಏನು ಕೇಳೋದು ಅಂತ ಇಲ್ಲೇ ತೀರ್ಮಾನವಾಗಲಿ. ಗುಡ್ ಮಾರ್ನಿಂಗ್ ಚಿತ್ರಗಳನ್ನ ದಯವಿಟ್ಟು ಬೇರೆ ಗುಂಪಿಗೆ ಹಾಕಿ.

ಮೂರನೇ ಕ್ರಾಸ್ ಮೂಲೆಮನೆ
ಸಾರ್, ಗುಂಡಿ ಮುಚ್ಚಿ ಅಂತ ಕೇಳಿದ್ರೆ ಒಂದು ಬುಟ್ಟಿ ಮಣ್ಣು ಹಾಕಿ ಫೋಟೊ ತೆಗೆಸ್ಕೊಂಡು ಹೋಗ್ತಾರೆ ಅಷ್ಟೆ. ಕೇಳೋದೇ ಆದ್ರೆ ದೊಡ್ಡದು ಕೇಳ್ಬೇಕು. 2025ರ ನವೆಂಬರ್ 26ಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮುದ್ರೆ ಬಿತ್ತಲ್ಲ, 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ. 1930ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಶುರುವಾದ ಕೂಟ, ಅದರ ನೂರನೇ ವರ್ಷ ನಮ್ಮ ದೇಶಕ್ಕೆ ಬಂದಿದೆ. 2036ರ ಒಲಿಂಪಿಕ್ಸ್‌ಗೂ ಅರ್ಜಿ ಹಾಕ್ಕೊಂಡು ಕೂತಿದ್ದಾರೆ. ಇನ್ನೈದು ವರ್ಷ ಕ್ರೀಡೆ ಅಂದ್ರೆ ಯಾರೂ ಇಲ್ಲ ಅನ್ನಲ್ಲ. ನನ್ನ ಅಭಿಪ್ರಾಯ: ನಾಲ್ಕು ಬ್ಯಾಡ್ಮಿಂಟನ್ ಕೋರ್ಟಿನ ಒಳಾಂಗಣ ಹಾಲ್ ಕೇಳೋಣ. ನಮ್ಮೂರಿನ ಮಳೆಗೆ ಸೂರೇ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳು ಮೊಬೈಲ್ ಹಿಡ್ಕೊಂಡು ಸೋಫಾ ಮೇಲೆ ಬಿದ್ದಿರ್ತಾವೆ, ಅದನ್ನ ನೋಡಕ್ಕಾಗಲ್ಲ.

ಮಹಡಿಮನೆ ಇಂಜಿನಿಯರ್
ಲೆಕ್ಕ ಹೇಳ್ತೀನಿ ಕೇಳಿ. ಮೈದಾನ ಇರೋದು ಅರ್ಧ ಎಕರೆ, ಹತ್ತಿರ ಹತ್ತಿರ 50 ಮೀಟರ್‌ಗೆ 40 ಮೀಟರ್. ಒಂದು ಬ್ಯಾಡ್ಮಿಂಟನ್ ಕೋರ್ಟ್ 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ಸುತ್ತ ಓಡಾಡೋ ಜಾಗ ಬಿಟ್ಟು ನಾಲ್ಕನ್ನ ಪಕ್ಕಪಕ್ಕ ಹಾಕಿದ್ರೆ ಹಾಲ್ ಸುಮಾರು 34ಕ್ಕೆ 18 ಆಗುತ್ತೆ. ಅದಕ್ಕೆ ಶೌಚಾಲಯ, ಮೀಟರ್ ರೂಮು, ನಾಲ್ಕೂ ಕಡೆ ಬಿಡಬೇಕಾದ ಜಾಗ, ಬೈಕ್ ನಿಲ್ಲಿಸೋ ಜಾಗ ಸೇರಿಸಿ. ಏಕಕಾಲಕ್ಕೆ ಆಡೋರು ಹೆಚ್ಚೆಂದ್ರೆ ಹದಿನಾರು ಜನ. ಈಗ ಸಂಜೆ ಐದಕ್ಕೆ ಬಾಲ್ಕನಿಯಿಂದ ನೋಡಿದ್ರೆ ಇದಕ್ಕಿಂತ ಮೂರು ಪಟ್ಟು ಮಕ್ಕಳು ಕಾಣ್ತಾರೆ. ಮರದ ನೆಲ ಹಾಕಿಸಿದ್ರೆ ಆಷಾಢದ ತೇವಕ್ಕೆ ಹಲಗೆ ಉಬ್ಬುತ್ತೆ, ಅದನ್ನ ಕಾಯೋರು ಯಾರು? ಕಟ್ಟೋಕೆ ಅನುದಾನ ಸಿಗುತ್ತೆ. ಬಲ್ಬು ಬದಲಾಯಿಸೋಕೆ ಸಿಗಲ್ಲ.

ಎರಡನೇ ಕ್ರಾಸ್ ನೀಲಿ ಗೇಟ್
ನನ್ನ ಮಗಳ ಕಾಲಿನ ವಿಷ್ಯ ಎತ್ತಿ ಎಲ್ಲರೂ ಕೆನಡಾಕ್ಕೆ ಹೋಗ್ಬಿಟ್ರಲ್ಲ! ಪಾದ ಊದ್ಕೊಂಡು ಚಪ್ಪಲಿ ಹಿಡೀತಿಲ್ಲ ಅವಳಿಗೆ. ಜನವರಿಯಲ್ಲಿ ಖೋಖೋ ಆಡ್ಬೇಕಿತ್ತು. ಆ ಗುಂಡಿ ಎಷ್ಟು ಚಿಕ್ಕದು ಅಂದ್ರೆ ಗರಿಕೆ ಬೆಳೆದು ಬಾಯಿ ಮುಚ್ಚಿದೆ, ನಿಂತು ನೋಡಿದ್ರೂ ಕಾಣಲ್ಲ, ಹಿಮ್ಮಡಿ ಮಾತ್ರ ಸರಿಯಾಗಿ ಇಳಿಯುತ್ತೆ. ಮೊದಲು ಅದನ್ನ ಮುಚ್ಚಿ, ಆಮೇಲೆ ಒಲಿಂಪಿಕ್ಸ್ ಮಾಡಿ.

ಟ್ಯಾಂಕ್ ಎದುರು ಮನೆ
ಅರಿಶಿನ, ಬೆಲ್ಲ, ಸುಣ್ಣ ಕಲಸಿ ಪಟ್ಟು ಹಾಕಮ್ಮ. ರಾತ್ರಿಗೆ ಇಳಿಯುತ್ತೆ.

ಬಾಡಿಗೆ ಮನೆ ಡಿಗ್ರಿ ಹುಡುಗ
ಮೂಲೆಮನೆ ಅಂಕಲ್, ಒಂದು ವಿಷ್ಯ. ಅಹಮದಾಬಾದಿಗಿಂತ ಮುಂಚೆ 2026ರ ಜುಲೈನಲ್ಲಿ ಗ್ಲಾಸ್ಗೋದಲ್ಲೇ ಕೂಟ ಇದೆ. ಅದು ಅವರಿಗೆ ಸಿಕ್ಕಿದ್ದು ಹೇಗೆ ಅಂದ್ರೆ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ನಡೆಸ್ತೀನಿ ಅಂತ ಒಪ್ಕೊಂಡು 2023ರ ಜುಲೈನಲ್ಲಿ ಕೈ ಎತ್ತಿಬಿಡ್ತು. 260 ಕೋಟಿ ಆಸ್ಟ್ರೇಲಿಯನ್ ಡಾಲರ್ ಅಂದ್ಕೊಂಡಿದ್ದ ಖರ್ಚು 600 ಕೋಟಿ ದಾಟುತ್ತೆ ಅಂದ್ರು. ಒಂದು ಓಟವೂ ನಡೀದೆ 38 ಕೋಟಿ ಡಾಲರ್ ಪರಿಹಾರ ಕಟ್ಟಿದ್ರು. ಗ್ಲಾಸ್ಗೋದವರು ಹೊಸ ಕ್ರೀಡಾಂಗಣ ಕಟ್ಟಲ್ಲ ಅಂತಲೇ ವಹಿಸ್ಕೊಂಡಿದ್ದು. ಹತ್ತೇ ಆಟ, ನಾಲ್ಕೇ ಜಾಗ, ಎಲ್ಲ ಎಂಟು ಮೈಲಿ ಒಳಗೆ. ಹಾಕಿ, ಕುಸ್ತಿ, ಶೂಟಿಂಗ್, ಕ್ರಿಕೆಟ್ ಇಲ್ಲ. ನೀವು ಹಾಲ್ ಕೇಳ್ತಿರೋ ಬ್ಯಾಡ್ಮಿಂಟನ್ನೂ ಇಲ್ಲ 😄

ಮೂರನೇ ಕ್ರಾಸ್ ಮೂಲೆಮನೆ
ನಗು ಬೇಡ ಮರಿ. ಬ್ಯಾಡ್ಮಿಂಟನ್ ಬಿಟ್ಟಿದ್ದು ನಮ್ಮ ಪದಕಕ್ಕೆ ಹೊಡೆತ, ಅದನ್ನ ಆಡಿಕೊಳ್ಳೋದಲ್ಲ. ಮತ್ತೆ ಕಟ್ಟಿದ್ದೆಲ್ಲ ಹಾಳಾಗುತ್ತೆ ಅನ್ನೋದೂ ಸುಳ್ಳು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬೆಂಗಳೂರಿನ ಕೋರಮಂಗಲದಲ್ಲಿ ಕಟ್ಟಿದ ಗೇಮ್ಸ್ ವಿಲೇಜ್‌ನಲ್ಲಿ ಇವತ್ತೂ ಸಂಸಾರಗಳಿವೆ, ನನ್ನ ಭಾವನೇ ಅಲ್ಲಿದ್ದಾರೆ. ದಿಲ್ಲಿಯ ಜವಾಹರಲಾಲ್ ನೆಹರು ಕ್ರೀಡಾಂಗಣ 1982ರ ಏಷ್ಯನ್ ಗೇಮ್ಸ್‌ಗೆ ಕಟ್ಟಿದ್ದು, 2010ರ ಕಾಮನ್‌ವೆಲ್ತ್‌ಗೂ ಬಂತು, 2025ರಲ್ಲಿ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ಕೂಡ ಅಲ್ಲೇ ಆಯ್ತು. ಇನ್ನು ಖೋಖೋ ವಿಷ್ಯ. 2025ರ ಜನವರಿಯಲ್ಲಿ ವಿಶ್ವಕಪ್ ದಿಲ್ಲಿಯಲ್ಲಿ ಆಯ್ತಲ್ಲ, ಹುಡುಗರು ಹುಡುಗಿಯರು ಇಬ್ಬರೂ ಕಪ್ ಗೆದ್ರಲ್ಲ, ಅದು ಸೂರಿನ ಕೆಳಗೆ, ಮ್ಯಾಟ್ ಮೇಲೆ. ನೀಲಿ ಗೇಟ್ ಅಕ್ಕನ ಮಗಳು ಮುಂದೆ ಹೋಗ್ಬೇಕಾದ್ರೆ ಮ್ಯಾಟ್ ಅಭ್ಯಾಸ ಬೇಕೇ ಬೇಕು.

ನಿವೃತ್ತ ಪಿ.ಟಿ. ಮೇಷ್ಟ್ರು
ಮೂಲೆಮನೆಯವರು ಹೇಳಿದ್ದರಲ್ಲಿ ಸತ್ಯ ಇದೆ, ಅದನ್ನು ಒಪ್ಪಿಕೊಂಡೇ ಮುಂದೆ ಹೇಳುತ್ತೇನೆ. ದೊಡ್ಡ ಸಂದೇಶ, ಕ್ಷಮಿಸಿ.

ಖೋಖೋ ಅಂಕಣ 27ಕ್ಕೆ 16 ಮೀಟರ್, ಸುತ್ತ ಒಂದೂವರೆ ಮೀಟರ್ ಬಿಟ್ಟರೆ 30ಕ್ಕೆ 19. ಇಂಜಿನಿಯರ್ ಸಾಹೇಬರು ಹೇಳಿದ 34ಕ್ಕೆ 18ರ ಹಾಲಿನೊಳಗೆ ಅದು ಹಿಡಿಸುವುದೇ ಇಲ್ಲ, ಅಗಲ ಒಂದು ಮೀಟರ್ ಸಾಲದು. ಅಂದರೆ ಖೋಖೋ ಹೆಸರಲ್ಲಿ ಹಾಲ್ ಕೇಳಿ ಖೋಖೋವನ್ನೇ ಹೊರಗೆ ಹಾಕಿದಂತಾಗುತ್ತದೆ. ಅದೇ ಬಯಲಿದ್ದರೆ ಒಂದು ಖೋಖೋ ಅಂಕಣ, ಪಕ್ಕದಲ್ಲಿ 18ಕ್ಕೆ 9ರ ವಾಲಿಬಾಲ್ ಅಂಕಣ ಎರಡೂ ಹಾಕಬಹುದು. ಅಜ್ಜಿಯರು ಸುತ್ತು ಹಾಕಲು ಅಂಚು ಉಳಿಯುತ್ತದೆ. ಮ್ಯಾಟ್ ಬೇಕಾದಾಗ ಆಯ್ಕೆ ಶಿಬಿರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು.

ಇನ್ನು ಊರಿಗೆ ಕೂಟ ಬರುವ ವಿಷಯ. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್ ನಡೆಸಿತು, ಅದರ ಸಾಲ ತೀರಿದ್ದು 2006ರಲ್ಲಿ. ಆಗ ಹುಟ್ಟಿದ ಮಗು ಮೂವತ್ತರ ಪ್ರಾಯಕ್ಕೆ ಬಂದಿತ್ತು. ಸಾಲ ತೀರಿಸಿದ್ದು ಬಹುಪಾಲು ತಂಬಾಕಿನ ಮೇಲೆ ಹಾಕಿದ ತೆರಿಗೆಯಿಂದ. 2010ರ ದಿಲ್ಲಿ ಕೂಟಕ್ಕೆ ಎರಡು ವಾರವೂ ಇಲ್ಲದಾಗ, ಇದೇ ನೆಹರು ಕ್ರೀಡಾಂಗಣದ ಪಕ್ಕದ ಕಾಲ್ಸೇತುವೆ ಕುಸಿಯಿತು. ಆ ಕ್ರೀಡಾಂಗಣ ಇವತ್ತಿಗೂ ನಿಂತಿದೆ, ನಿಜ. ಆದರೆ 2010ಕ್ಕೆ ಹೊಸದಾಗಿ ದುಡ್ಡು ಸುರಿದರು, 2025ರಲ್ಲಿ ಹೊಸ ಟ್ರ್ಯಾಕ್ ಹಾಕಿದರು. ದಿಲ್ಲಿಗೆ ಮತ್ತೆ ಮತ್ತೆ ಕೂಟ ಬರುತ್ತದೆ, ಬಂದಾಗಲೆಲ್ಲ ಸುಣ್ಣ ಬಣ್ಣ ಆಗುತ್ತದೆ. ನಮ್ಮ ಅರ್ಧ ಎಕರೆಗೆ ಯಾವ ಕೂಟ ಬರುತ್ತದೆ ಸ್ವಾಮಿ? ಆಗಸ್ಟ್ ಹದಿನೈದು ಬರುತ್ತದೆ, ಗಣಪತಿ ಬರುತ್ತಾನೆ.

ಅದೇ ದಿಲ್ಲಿ ಕೂಟದಲ್ಲಿ ಭಾರತಕ್ಕೆ 101 ಪದಕ ಬಂತು. ಶಿರಸಿ ಕಡೆಯ ಕಾಶೀನಾಥ ನಾಯ್ಕ ಜಾವೆಲಿನ್ ಎಸೆದು ಕಂಚು ತಂದರು. ನಾವು ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗುವಾಗ ಸಿಗುವ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ನಾಲ್ಕು ಇಂಟು ನಾನೂರು ರಿಲೇ ಚಿನ್ನದ ತಂಡದಲ್ಲಿ ಓಡಿದರು. ಎರಡೂ ಬಯಲಿನ ಆಟ. ನಾನು ಶಾಲೆಯಲ್ಲಿ ಇದ್ದಷ್ಟು ವರ್ಷ ನೋಡಿದ್ದು ಇದು: ಬೀಗ ಇಲ್ಲದ ಬಯಲಿಗೆ ಬಡವರ ಮಕ್ಕಳು ತಾವಾಗಿ ಬರುತ್ತಾರೆ. ಬೀಗ ಬಿದ್ದ ದಿನ ಶುಲ್ಕ ಬರುತ್ತದೆ, ಶುಲ್ಕ ಬಂದ ದಿನ ಹಿಂದಿನ ವಠಾರದ ಮಕ್ಕಳು ಕಾಂಪೌಂಡ್ ಆಚೆ ನಿಲ್ಲುತ್ತಾರೆ.

ನನಗೆ ಬೇಕಾಗಿರುವುದು ನೀರು ಬಸಿಯುವ ಮೈದಾನ. ಮಳೆ ನಿಂತ ಅರ್ಧ ಗಂಟೆಗೆ ಮಕ್ಕಳು ಇಳಿಯುವಂತಿರಬೇಕು.

ಮಹಡಿಮನೆ ಇಂಜಿನಿಯರ್
ಮೇಷ್ಟ್ರೇ, ಅಲ್ಲೇ ಇರೋದು ತೊಡಕು. ರಸ್ತೆಗೆ ಡಾಂಬರು ಹಾಕುವಾಗ ಹಳೇದನ್ನ ಕೆತ್ತದೆ ಮೇಲೆ ಮೇಲೆ ಏರಿಸಿದ್ರು. ಅದಕ್ಕೆ ಹೊಂದಿಸಿ ಗುತ್ತಿಗೆದಾರ ಚರಂಡಿ ತಳವನ್ನೂ ಎತ್ತರಿಸಿದ. ಈಗ ಚರಂಡಿ ತಳ ನಮ್ಮ ಮೈದಾನಕ್ಕಿಂತ ಒಂದು ಗೇಣು ಮೇಲಿದೆ. ಜುಲೈನಲ್ಲಿ ಮೈದಾನದ ನೀರು ಚರಂಡಿಗೆ ಹೋಗೋ ಬದಲು ಚರಂಡಿ ನೀರೇ ಮೈದಾನಕ್ಕೆ ಬರುತ್ತೆ. ಮೋರಿ ಬಾಯಲ್ಲಿ ಹಾಲಿನ ಪ್ಯಾಕೆಟ್ಟು, ಚಿಪ್ಸ್ ಕವರ್ರು ಒಳಮುಖವಾಗಿ ಸಿಕ್ಕಿಕೊಂಡಿರೋದು ನೋಡಿ, ಹರಿವು ಯಾವ ಕಡೆಗೆ ಅಂತ ಅದೇ ಹೇಳುತ್ತೆ. ಬರೀ ಮಣ್ಣು ಹಾಕಿಸಿದ್ರೆ ಎರಡೇ ಮಳೆಗೆ ಕೊಚ್ಚಿಕೊಂಡು ಹೋಗುತ್ತೆ. ಪಶ್ಚಿಮದ ಕಡೆ ಚರಂಡಿ ತಳ ಇಳಿಸ್ಬೇಕು, ಮೈದಾನದ ನಡುವೆ ಎತ್ತರ ಮಾಡಿ ಅಂಚಿಗೆ ಇಳಿಜಾರು ಕೊಡ್ಬೇಕು. ನಡುವಿಂದ ಅಂಚಿಗೆ ಅರವತ್ತೈದು ಅಡಿ ಅಂದ್ಕೊಂಡ್ರೆ ಎಂಟು ಇಂಚು ಇಳಿಜಾರು ಸಾಕು. ಮನವಿಯಲ್ಲಿ ಇದನ್ನೇ ಬರೀಬೇಕು, 'ಮೈದಾನ ಅಭಿವೃದ್ಧಿ' ಅಂತ ಬರೆದ್ರೆ ಸುತ್ತ ಇಂಟರ್‌ಲಾಕ್ ಕಲ್ಲು ಹಾಕಿ, ಎರಡು ಸಿಮೆಂಟ್ ಬೆಂಚ್ ಇಟ್ಟು, ಬೋರ್ಡ್ ಹೊಡೆದು ಹೋಗ್ತಾರೆ.

ತೀರ್ಥಹಳ್ಳಿ ತೋಟದವರು
ನಾನೊಂದು ಹೇಳ್ಲಾ? ಮೂರು ಕಡೆ ಅಂಚಿಗೆ ಬಸಿಗಾಲುವೆ ತೆಗೆದುಬಿಡಿ. ಅಡಿಕೆ ತೋಟದಲ್ಲಿ ನಾವು ಮಾಡೋದು ಅದನ್ನೇ ಅಲ್ವಾ, ಬುಡದಲ್ಲಿ ನೀರು ನಿಂತ್ರೆ ಮರ ಉಳಿಯಲ್ಲ. ಇಲ್ಲಿ ಮಕ್ಕಳು ಬೀಳಬಾರ್ದು ಅಂದ್ರೆ ಕಾಡುಕಲ್ಲು ತುಂಬಿ ಮೇಲೆ ಜಲ್ಲಿ ಹರವಿ. ನಮ್ಮ ತೋಟದ ಆಳುಗಳು ಕೊಯ್ಲು ಮುಗಿದ ಮೇಲೆ ಖಾಲಿ ಇರ್ತಾರೆ, ಫೆಬ್ರವರಿಯಲ್ಲಿ ನಾಲ್ಕು ಜನರನ್ನ ಕಳಿಸ್ತೀನಿ. ಕೂಲಿ ಸಂಘದ್ದು, ಊಟ ನಂದು.

ಎರಡನೇ ಕ್ರಾಸ್ ನೀಲಿ ಗೇಟ್
ಅಣ್ಣ, ಒಳ್ಳೇ ಮಾತು. ಆದ್ರೆ ಮೈದಾನದ ಉತ್ತರ ಭಾಗದಲ್ಲಿ ಟಾರ್ಪಾಲ್ ಹಾಸಿ ಒಣಗಿಸ್ತಿರೋ ಅಡಿಕೆನೂ ನಿಮ್ಮದೇ ಅಲ್ವಾ? ಮಕ್ಕಳು ಚೆಂಡು ತರೋಕೆ ಹೋದ್ರೆ ನಿಮ್ಮ ಮನೆ ಕೆಲಸದವನು ಕೋಲು ತಗೊಂಡು ಬರ್ತಾನೆ.

ತೀರ್ಥಹಳ್ಳಿ ತೋಟದವರು
ತಂಗೀ, ನಾಲ್ಕು ಬಿಸಿಲು ಕಂಡ್ರೆ ಚೀಲ ಕಟ್ತೀನಿ. ತಾರಸಿ ಮೇಲೆ ಸೋಲಾರ್ ಕೂರಿಸಿದ್ದೀನಿ, ಹರವೋಕೆ ಜಾಗ ಇಲ್ಲ. ಕೋಲಿನವನಿಗೆ ಹೇಳ್ತೀನಿ, ಅದು ಮಂಗಕ್ಕೆ ಇಟ್ಟ ಕೋಲು.

ಬಾಡಿಗೆ ಮನೆ ಡಿಗ್ರಿ ಹುಡುಗ
ನಮ್ಮನ್ನೂ ಮಂಗ ಅಂತಲೇ ಕರೆಯೋದು ಅವನು.

ಸಂಘದ ಕಾರ್ಯದರ್ಶಿ (ಅಡ್ಮಿನ್)
ವಿಷಯಕ್ಕೆ ಬನ್ನಿ. ನಾನು ತಿಳಿದುಕೊಂಡಿದ್ದು: 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆ ಕಾಯ್ದೆ ಅಂತ ಒಂದಿದೆ. ಮೈದಾನ ಅಂತ ಗುರುತಾದ ಜಾಗವನ್ನ ಬೇರೆ ಕೆಲಸಕ್ಕೆ ತಿರುಗಿಸಬಾರದು ಅನ್ನೋದೇ ಅದರ ಉದ್ದೇಶ. ಆದರೆ ಅದು ನಮ್ಮ ನೆರವಿಗೆ ಬರಬೇಕಾದ್ರೆ ನಕ್ಷೆಯಲ್ಲಿ ಈ ಜಾಗ 'ಆಟದ ಮೈದಾನ' ಅಂತ ಇದೆಯೋ, 'ನಾಗರಿಕ ಸೌಲಭ್ಯ ನಿವೇಶನ' ಅಂತ ಇದೆಯೋ ಅನ್ನೋದು ಕಾಗದದಲ್ಲಿ ಬೇಕು. ಎರಡನೆಯದಾಗಿದ್ರೆ ನಾಳೆ ಯಾರಿಗಾದ್ರೂ ಗುತ್ತಿಗೆಗೆ ಹೋಗಬಹುದು, ಆಗ ಹಾಲೂ ಇಲ್ಲ ಬಯಲೂ ಇಲ್ಲ. ಬಡಾವಣೆ ನಕ್ಷೆಯ ದೃಢೀಕೃತ ಪ್ರತಿಗೆ ಸೂಡಾಕ್ಕೆ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಯಾರು ಹಾಕ್ತೀರಿ?

ಬಾಡಿಗೆ ಮನೆ ಡಿಗ್ರಿ ಹುಡುಗ
ನಾನು ಹಾಕ್ತೀನಿ ಸಾರ್. ಬಾಡಿಗೆಯವರು ಹಾಕಬಹುದಲ್ವಾ?

ಸಂಘದ ಕಾರ್ಯದರ್ಶಿ (ಅಡ್ಮಿನ್)
ದೇಶದ ಯಾವ ಪ್ರಜೆ ಬೇಕಾದ್ರೂ ಹಾಕಬಹುದಪ್ಪ. ಸಂಘದ ಹೆಸರಲ್ಲಿ ಬೇಡ, ನಿನ್ನ ಹೆಸರಲ್ಲೇ ಹಾಕು.

ಟ್ಯಾಂಕ್ ಎದುರು ಮನೆ
ನನ್ನದೊಂದು ಕೋರಿಕೆ. ಮೈದಾನದ ಲೈಟು ಸಂಜೆ ಏಳಕ್ಕೇ ಆರುತ್ತೆ. ಹೆಣ್ಮಕ್ಕಳು ಟ್ಯೂಷನ್ ಮುಗಿಸಿ ಆಡೋಕೆ ಬರೋದೇ ಆ ಹೊತ್ತಿಗೆ. ಅದೂ ಬರೀರಿ.

ಮೂರನೇ ಕ್ರಾಸ್ ಮೂಲೆಮನೆ
ಸರಿ, ಚರಂಡಿ ಮನವಿಗೆ ನಂದೂ ಸಹಿ. ಆ ಮೋರಿ ಬಾಯಿ ನಾನೂ ಈಗ ಹೋಗಿ ನೋಡ್ಕೊಂಡು ಬಂದೆ. ಆದ್ರೆ ಹಾಲ್ ಬೇಡವೇ ಬೇಡ ಅನ್ನೋದನ್ನ ನಾನು ಒಪ್ಪಲ್ಲ. ಮಳೆಗಾಲ ನಾಲ್ಕು ತಿಂಗಳು ಅಂದ್ರೆ ಮಕ್ಕಳ ವಯಸ್ಸಿನಲ್ಲಿ ಚಿಕ್ಕ ಕಾಲ ಅಲ್ಲ. ನಮ್ಮ ಬಡಾವಣೆಗೆ ಅಂತ ಕೇಳದೆ, ನಾಲ್ಕೈದು ಬಡಾವಣೆಗೆ ಸೇರಿ ಒಂದು ಹಾಲ್, ಸರ್ಕಾರಿ ಶಾಲೆಯ ಆವರಣದಲ್ಲಿ, ಅಂತ ಬೇರೆ ಮನವಿ ಮಾಡ್ತೀನಿ. ಹಗಲು ಶಾಲೆಯವರು ನೋಡ್ಕೊಳ್ತಾರೆ, ಸಂಜೆ ನಾವು. ಅದಕ್ಕೆ ನೀವೆಲ್ಲ ಸಹಿ ಹಾಕ್ಬೇಕು.

ನಿವೃತ್ತ ಪಿ.ಟಿ. ಮೇಷ್ಟ್ರು
ಶಾಲೆಯ ಆವರಣದಲ್ಲಿ ಅಂದರೆ ಮೊದಲ ಸಹಿ ನನ್ನದು. ಅಗಲ 20 ಮೀಟರ್ ಅಂತ ಬರೆಯಿರಿ, ಖೋಖೋ ಹಿಡಿಸಲಿ.

ಸಂಘದ ಕಾರ್ಯದರ್ಶಿ (ಅಡ್ಮಿನ್)
ಹಾಗಾದ್ರೆ ನಮ್ಮ ಮನವಿಯಲ್ಲಿ ಇಷ್ಟು ಇರುತ್ತೆ: ಪಶ್ಚಿಮದ ಚರಂಡಿ ತಳ ಇಳಿಸುವುದು, ಮೈದಾನಕ್ಕೆ ಇಳಿಜಾರು ಮತ್ತು ಅಂಚಿನ ಬಸಿಗಾಲುವೆ, ಇಟ್ಟಿಗೆ ಚೂರು ತೆರವು, ಲೈಟು ರಾತ್ರಿ ಒಂಬತ್ತರವರೆಗೆ. ಗೇಟಿಗೆ ಬೀಗ ಹಾಕಬಾರದು ಅಂತಲೂ ಸೇರಿಸಿದ್ದೀನಿ. ಶಾಮಿಯಾನಕ್ಕೆ ಇನ್ನು ಮುಂದೆ ಸಂಘದಲ್ಲಿ ಠೇವಣಿ ಇಡಬೇಕು, ಗುಂಡಿ ಮುಚ್ಚಿದ ಮೇಲೆ ವಾಪಸ್. ನಮ್ಮ ಗಣಪತಿ ಸಮಿತಿಗೂ ಇದೇ ನಿಯಮ. ಸೋಮವಾರ ಕೊಡೋದು, ಸ್ವೀಕೃತಿ ಮುದ್ರೆ ಹಾಕಿಸಿದ ಪ್ರತಿ ಇಲ್ಲಿ ಹಾಕ್ತೀನಿ. ಗೂಟದ ಗುಂಡಿಗಳನ್ನ ಮಾತ್ರ ಯಾರಿಗೂ ಕಾಯದೆ ಭಾನುವಾರ ಬೆಳಿಗ್ಗೆ ಏಳಕ್ಕೆ ನಾವೇ ಮುಚ್ಚೋದು. ಗುದ್ದಲಿ, ಮಂಕರಿ ಇದ್ದೋರು ತನ್ನಿ. ಗುಂಡಿ ಎಲ್ಲೆಲ್ಲಿ ಅಂತ ಮಕ್ಕಳಿಗೇ ಚೆನ್ನಾಗಿ ಗೊತ್ತು, ಶನಿವಾರ ಸುಣ್ಣದ ಪುಡಿ ಕೊಟ್ಟು ಗುರುತು ಹಾಕಿಸಿ.

ಮಹಡಿಮನೆ ಇಂಜಿನಿಯರ್
ಶನಿವಾರ ಸಂಜೆ ನಾಲ್ಕಕ್ಕೆ ನೆಲದ ಏರುತಗ್ಗು ಅಳೆಯೋ ಲೆವೆಲ್ ಮೆಷಿನ್ ತರ್ತೀನಿ, ಮನವಿಗೆ ಅಳತೆ ಸಮೇತ ಒಂದು ನಕ್ಷೆ ಲಗತ್ತಿಸೋಣ. ಅದರ ಅಳತೆಕೋಲು ಹಿಡ್ಕೊಳ್ಳೋಕೆ ಇಬ್ಬರು ಬೇಕು. ತೋಟದವರೇ, ಉತ್ತರ ಭಾಗದ ಅಳತೆ ಸಿಗ್ಬೇಕಾದ್ರೆ ಅಷ್ಟರೊಳಗೆ ಟಾರ್ಪಾಲ್ ಎತ್ತಿಸಿ.

ತೀರ್ಥಹಳ್ಳಿ ತೋಟದವರು
ಮೂರೂವರೆಗೆ ಎತ್ತಿಸ್ತೀನಿ. ಚೀಲ ಹೊರೋಕೂ ಇಬ್ಬರು ಹುಡುಗರು ಬೇಕಾಗಿತ್ತು.