ಪದಚರ್ಚೆ: ‘ಸೆರೆಹಿಡಿದ ಇಂಗಾಲ’ದ ಹಾಸಿಗೆ ಎಂದರೆ ಜನ ಕೊಳ್ಳುತ್ತಾರಾ?

ಎಲ್ಲರಿಗೂ ನಮಸ್ಕಾರ.

ಕುಶಾಲನಗರದ ನಮ್ಮ ಗ್ರಾಹಕರ ಬಳಗಕ್ಕೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಕಾರ್ಖಾನೆಗಳು ಹೊರಗೆ ಬಿಡುವ ಇಂಗಾಲದ ಡೈಆಕ್ಸೈಡನ್ನು ಹಿಡಿದು ಹಾಸಿಗೆ, ಸೋಪಿನ ಪುಡಿ, ಕಾಂಕ್ರೀಟಿಗೆಲ್ಲ ಬಳಸುತ್ತಾರಲ್ಲ, ಅಂಥ ಸಾಮಾನನ್ನು ಕನ್ನಡದಲ್ಲಿ ಏನೆಂದು ಕರೆಯೋಣ?

ಕರಡಿನಲ್ಲಿ ‘ಸೆರೆಹಿಡಿದ ಇಂಗಾಲ’ ಎಂದು ಬರೆದಿದ್ದೆ. ಕೊಡಗಿನಲ್ಲಿ ಸೆರೆ ಎಂದ ಕೂಡಲೇ ನೆನಪಾಗುವುದು ಕಾಡಾನೆ. ಹಿಡಿದು ದುಬಾರೆ ಆನೆ ಶಿಬಿರದ ಕ್ರಾಲ್‌ನಲ್ಲಿ, ಅಂದರೆ ಮರದ ದಿಮ್ಮಿಗಳ ದೊಡ್ಡಿಯಲ್ಲಿ, ಕೂಡಿ ಹಾಕಿದರೂ, ತಪ್ಪಿಸಿಕೊಂಡರೆ ಗತಿಯೇನು ಎಂಬ ಭಯ ಇದ್ದೇ ಇರುತ್ತದೆ. ಕರಡು ಓದಿದ ನಮ್ಮ ಅತ್ತಿಗೆಯೂ ಅದನ್ನೇ ಕೇಳಿದರು: “ಆ ಗ್ಯಾಸ್ ಹಾಸಿಗೆ ಒಳಗೇ ಇರತ್ತಾ? ರಾತ್ರಿ ಮಲಗಿದ್ದಾಗ ಹೊರಗೆ ಬಂದ್ರೆ?” ಜರ್ಮನಿಯ ಆಖನ್‌ನ ಸಂಶೋಧಕರು ಇಂಥ ಹಾಸಿಗೆಯ ಬಗ್ಗೆ ಜನರನ್ನು ಕೇಳಿದಾಗಲೂ ಆರೋಗ್ಯದ ಅಳುಕು ಕಂಡುಬಂದಿತ್ತು. ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ.

ನಿಜ ಏನೆಂದರೆ, ಅದು ಗ್ಯಾಸಾಗಿ ಉಳಿಯುವುದೇ ಇಲ್ಲ. ಜರ್ಮನಿಯ ಡಾರ್ಮಾಗನ್‌ನಲ್ಲಿ ಕೊವೆಸ್ಟ್ರೊ ಕಂಪನಿ 2016ರಲ್ಲಿ ಶುರುಮಾಡಿದ ಘಟಕದಲ್ಲಿ, ಹಾಸಿಗೆಯ ಫೋಮಿಗೆ ಬೇಕಾದ ಪಾಲಿಯಾಲ್ ಎಂಬ ಕಚ್ಚಾವಸ್ತುವಿಗೆ ಶೇ 20ರವರೆಗೆ ಇಂಗಾಲದ ಡೈಆಕ್ಸೈಡ್ ಸೇರಿಸುತ್ತಾರೆ. ಅದು ಬೇರೆ ವಸ್ತುವಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಂಡು ತಾನೂ ಬೇರೆಯೇ ಆಗಿಬಿಡುತ್ತದೆ. ಕಾಂಕ್ರೀಟಿನಲ್ಲಾದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಸುಣ್ಣದಕಲ್ಲಿನಲ್ಲಿ ಇರುವುದೇ. ತಮಿಳುನಾಡಿನ ತೂತುಕುಡಿಯ ಒಂದು ಕಾರ್ಖಾನೆ ಕಲ್ಲಿದ್ದಲು ಬಾಯ್ಲರಿನ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ ಸೋಡಾ ಆ್ಯಶ್ ಮಾಡಿತು. ಸೋಪಿನ ಪುಡಿಗೂ ಗಾಜಿಗೂ ಅದು ಬೇಕು. ಗ್ಯಾಸು ಗ್ಯಾಸಾಗಿಯೇ ಇರುವುದು ಬಾಟಲಿ ಸೋಡಾದಲ್ಲಿ. ಮುಚ್ಚಳ ತೆಗೆದರೆ ಬುಸ್ಸೆಂದು ಹೊರಗೆ ಬರುತ್ತದೆ, ಅದಕ್ಕೆ ಯಾರೂ ಹೆದರುವುದಿಲ್ಲ.

ಹಾಗಾಗಿ ‘ಇಂಗಾಲದ ಡೈಆಕ್ಸೈಡ್ ಇರುವ’ ಎಂಬುದು ಸೋಡಾಕ್ಕೆ ಸರಿ, ಹಾಸಿಗೆಗೆ ತಪ್ಪು. ‘ಇಂಗಾಲದ ಡೈಆಕ್ಸೈಡಿನಿಂದ ಮಾಡಿದ ಹಾಸಿಗೆ’ ಎಂದರೆ ಇಡೀ ಹಾಸಿಗೆ ಅದರದ್ದೇ ಎಂದಾಗುತ್ತದೆ. ‘ಹೊಗೆಯ ಹಾಸಿಗೆ’ ಎಂದರೆ ಮೂಸಿ ನೋಡುತ್ತಾರೆ. ‘ಹಸಿರು ಹಾಸಿಗೆ’ ಎಂದು ಬರೆಯಲು ಮಾತ್ರ ನನಗೆ ಮನಸ್ಸಿಲ್ಲ. ದುಡ್ಡು ಕೊಡುವವರಿಗೆ ಒಳಗೇನಿದೆ ಎಂದು ಗೊತ್ತಾಗಲೇಬೇಕು, ಅಲ್ವಾ?

ಸದ್ಯಕ್ಕೆ ‘ಇಂಗಾಲದ ಡೈಆಕ್ಸೈಡ್ ಬೆಸೆದ ಫೋಮ್’ ಎಂದು ಬರೆದಿದ್ದೇನೆ. ಬೆಸೆಯುವುದು ಎಂದರೆ ವೆಲ್ಡಿಂಗ್ ಅಂಗಡಿಯ ಕೆಲಸ ಎಂದೇ ಅನ್ನಿಸುತ್ತದಾ? ಒಂದರೊಳಗೊಂದು ಸೇರಿ ಮತ್ತೆ ಬಿಡಿಸಲು ಬಾರದ ಹಾಗೆ ಆಗುವುದಕ್ಕೆ ನಿಮ್ಮ ಕಡೆ ಏನೆನ್ನುತ್ತೀರಿ? ಕೊಡವ ತಕ್ಕ್, ಅರೆಭಾಷೆ ಆಡುವವರು ನಿಮ್ಮ ಮನೆಮಾತಿನ ಪದವನ್ನೂ ದಯವಿಟ್ಟು ತಿಳಿಸಿ.