ಅಪ್‌ಡೇಟ್: ಫೇರ್‌ಫೀಲ್ಡ್ ಚರ್ಚ್ ಒಳಗೆ ನೋಡಿದ್ವಿ!

ಇಂಗ್ಲೆಂಡಿನ ಕೆಂಟ್‌ನ ರಾಮ್ನಿ ಮಾರ್ಷ್ ಬಯಲಲ್ಲಿ ಒಂಟಿಯಾಗಿ ನಿಂತಿರೋ ಫೇರ್‌ಫೀಲ್ಡ್ ಚರ್ಚ್‌ಗೆ ಬೀಗ ಹಾಕಿರುತ್ತೆ, ಒಳಗೆ ಹೋಗೋದು ಹೇಗೆ ಅಂತ ಕೇಳಿದ್ದೆನಲ್ಲ. ಭಾನುವಾರದ ಪ್ರಾರ್ಥನೆಗೆ ಹೋಗಿ ಅನ್ನೋ ಸಲಹೆ ನಡೀಲಿಲ್ಲ, ನಾವು ಹೋದ ವಾರ ಅಲ್ಲಿ ಪ್ರಾರ್ಥನೆ ಇರಲಿಲ್ಲ. "ಹತ್ತಿರದ ಮನೆ ಗೋಡೆ ನೋಡಿ" ಅಂದವರಿಗೆ ತುಂಬಾ ಥ್ಯಾಂಕ್ಸ್. ದೊಡ್ಡ ಬೀಗದಕೈ ಅಲ್ಲೇ ಹೊರಗೆ ನೇತಾಡ್ತಿತ್ತು!

ಕುರಿ ಮೇಯೋ ಹಸಿ ಹುಲ್ಲಲ್ಲಿ ನಡೀಬೇಕು, ಬೂಟು ಹಾಕ್ಕೊಳ್ಳಿ.

ಹೊರಗಿಂದ ಇಟ್ಟಿಗೆ ಕಟ್ಟಡ; ಒಳಗೆ ತಲೆ ಮೇಲೆ ಭಾರಿ ಮರದ ತೊಲೆಗಳು. ಮಧ್ಯಯುಗದ ಮರದ ಚೌಕಟ್ಟಿಗೆ 18ನೇ ಶತಮಾನದಲ್ಲಿ ಇಟ್ಟಿಗೆ ಹೊದಿಸಿದ್ದಾರಂತೆ, ನನಗೆ ಗೊತ್ತೇ ಇರಲಿಲ್ಲ. ಬಾಗಿಲಿರೋ ಬಿಳಿ ಆಸನಗಳಿಗೆ ಕಪ್ಪು ಅಂಚು, ಜೊತೆಗೆ ಮೂರು ಅಂತಸ್ತಿನ ಉಪದೇಶ ಪೀಠ. ಅದೊಂದಕ್ಕಾದರೂ ಹೋಗಲೇಬೇಕು.

ಹೊರಡುವಾಗ ಬೀಗ ಹಾಕಿ, ಬೀಗದಕೈಯನ್ನ ಇದ್ದಲ್ಲೇ ತೂಗುಹಾಕಿ ಬನ್ನಿ.