ಅಮೆರಿಕದ ಗುಲಾಮರು 1865ಕ್ಕೆ ಬಿಡುಗಡೆ ಆದಮೇಲೂ ಅದೇ ಹತ್ತಿ ಹೊಲದಲ್ಲಿ ಯಾಕೆ ಉಳಿದರು?

ಹೇಮಗಂಗೋತ್ರಿ ವಿದ್ಯಾರ್ಥಿ, ಹಾಸನ

ಎಲ್ಲರಿಗೂ ನಮಸ್ಕಾರ. ಇಲ್ಲೇ ಹೇಮಗಂಗೋತ್ರಿಯಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ. ಗುರುವಾರ ಅಮೆರಿಕದ ಅಂತರ್ಯುದ್ಧದ ಮೇಲೆ ಸೆಮಿನಾರ್ ಕೊಡಬೇಕು. ಯುದ್ಧದವರೆಗೆ ತೊಂದರೆ ಇಲ್ಲ. 1860ರ ಅಧ್ಯಕ್ಷ ಚುನಾವಣೆಯಲ್ಲಿ ಲಿಂಕನ್ ಗೆದ್ದ, ಡಿಸೆಂಬರಿನಲ್ಲಿ ಸೌತ್ ಕ್ಯಾರೊಲಿನಾ ಒಕ್ಕೂಟ ಬಿಟ್ಟು ಹೊರಟಿತು, ಮುಂದಿನ ಏಪ್ರಿಲಿನಲ್ಲಿ ಸಮ್ಟರ್ ಕೋಟೆ ಮೇಲೆ ಫಿರಂಗಿ ಹಾರಿತು. 1865ರ ಏಪ್ರಿಲಿನಲ್ಲಿ ದಕ್ಷಿಣದ ಜನರಲ್ ಲೀ ಶರಣಾದ. ಡಿಸೆಂಬರಿನಲ್ಲಿ ಗುಲಾಮಗಿರಿ ತೆಗೆದುಹಾಕಿದ 13ನೇ ತಿದ್ದುಪಡಿ ಬಂತು, ಗುಲಾಮರಾಗಿದ್ದ ಸುಮಾರು 40 ಲಕ್ಷ ಕಪ್ಪು ಜನ ಸ್ವತಂತ್ರರಾದರು. ನನ್ನ ನೋಟ್ಸ್ ಅಲ್ಲಿಗೆ ಮುಗಿಯುತ್ತದೆ.

ತಲೆ ತಿನ್ನುತ್ತಿರುವುದು ಮುಂದಿನದ್ದು. 1890ರ ಹೊತ್ತಿಗೂ ಅದೇ ದಕ್ಷಿಣದಲ್ಲಿ ಅದೇ ಜನ ಹತ್ತಿ ಬಿಡಿಸುತ್ತಿದ್ದಾರೆ. ಸ್ವತಂತ್ರರಾದವರು ಎದ್ದು ಹೋಗಬಹುದಿತ್ತು, ಅಲ್ವಾ? ಇನ್ನೊಂದು, ಕ್ಲಾಸಿನಲ್ಲಿ ಒಬ್ಬ ಗೆಳೆಯ ಯುದ್ಧ ಆಗಿದ್ದು ಗುಲಾಮಗಿರಿಗಲ್ಲ, ರಾಜ್ಯಗಳ ಹಕ್ಕಿಗೆ ಮತ್ತು ಸುಂಕಕ್ಕೆ ಅಂತ ಹಟ ಹಿಡಿದಿದ್ದಾನೆ. ಅವನಿಗೆ ಏನು ಹೇಳಲಿ?

ಅರಸೀಕೆರೆ ಜಂಕ್ಷನ್

ಗೆಳೆಯನ ವಿಚಾರ ಬೇಗ ಮುಗಿಸೋಣ. ರಾಜ್ಯಗಳ ಹಕ್ಕು, ಸರಿ, ಯಾವುದಕ್ಕೆ ಹಕ್ಕು ಅಂತ ಕೇಳಿ. ಮಿಸಿಸಿಪ್ಪಿ 1861ರ ಜನವರಿಯಲ್ಲಿ ಹೊರಬಿದ್ದಾಗ ಕೊಟ್ಟ ಕಾರಣಪತ್ರದಲ್ಲಿ, ತನ್ನ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆರೆತಿದೆ ಅಂತ ತಾನೇ ಬರೆದುಕೊಂಡಿದೆ. ಹೊರಬಿದ್ದ ದಕ್ಷಿಣದ ರಾಜ್ಯಗಳ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಅದೇ ಮಾರ್ಚಿನಲ್ಲಿ ಜಾರ್ಜಿಯಾ ರಾಜ್ಯದ ಸವಾನ್ನಾದಲ್ಲಿ ಭಾಷಣ ಮಾಡಿ, ಕಪ್ಪು ಜನ ಬಿಳಿಯರಿಗೆ ಸಮ ಅಲ್ಲ ಎನ್ನುವುದೇ ಹೊಸ ಸರ್ಕಾರದ ಮೂಲೆಗಲ್ಲು ಅಂದ. ಮುಚ್ಚುಮರೆ ಏನೂ ಇರಲಿಲ್ಲ. ಮುಚ್ಚಿದ್ದೆಲ್ಲ ಸೋತ ಮೇಲೆ.

ಓಡಿಹೋದ ಗುಲಾಮರನ್ನು ಹಿಡಿದು ಒಪ್ಪಿಸಬೇಕು ಅಂತ 1850ರಲ್ಲಿ ಉತ್ತರದ ರಾಜ್ಯಗಳ ತಲೆ ಮೇಲೆ ಕೇಂದ್ರದ ಕಾನೂನು ಹೇರಿಸಿದವರೂ ಇವರೇ. ಆಗ ರಾಜ್ಯದ ಹಕ್ಕು ಎಲ್ಲಿ ಹೋಗಿತ್ತೋ! ಸುಂಕ 1857ರಲ್ಲಿ ಇಳಿದಿತ್ತು, ಏರಿರಲಿಲ್ಲ.

ಹತ್ತಿ ಹೊಲದ ಪ್ರಶ್ನೆಗೆ ಮೂಡಿಗೆರೆಯ ರೈಟರು ಉತ್ತರ ಕೊಡಲಿ, ಅದು ಅವರ ಏರಿಯಾ.

ಮಾಜಿ ರೈಟರ್, ಮೂಡಿಗೆರೆ

ತಮ್ಮಾ, ನಾನು ಇತಿಹಾಸ ಕಲಿತವನಲ್ಲ. ಬಿ.ಕಾಂ. ಮುಗಿಸಿ ಕಾಫಿ ತೋಟಕ್ಕೆ ರೈಟರ್, ಅಂದರೆ ಲೆಕ್ಕದ ಗುಮಾಸ್ತ ಆಗಿ ಸೇರಿ ಅಲ್ಲೇ ತಲೆ ನರೆತವನು. ಬೆಳಿಗ್ಗೆ ಚೆಕ್‌ರೋಲ್ ಹಿಡಿದು ಹಾಜರಿ, ವಾರಕ್ಕೊಮ್ಮೆ ಬಟವಾಡೆ, ಅಡ್ವಾನ್ಸ್ ಬುಕ್ಕಿನಲ್ಲಿ ಕಳೆಯುವುದು, ಇಷ್ಟೇ ನನ್ನ ವಿದ್ಯೆ. ಅಮೆರಿಕದ ಈ ಕಾಲದ ಬಗ್ಗೆ ಓದುವ ಹುಚ್ಚು ಹಿಡಿದಿದ್ದೂ ಅದು ಲೆಕ್ಕದ ಪುಸ್ತಕದ ಕಥೆ ಅಂತಲೇ. ಹಾಗಾಗಿ ಲೆಕ್ಕದ ಕಡೆಯಿಂದಲೇ ಹೇಳುತ್ತೇನೆ.

ಬಿಡುಗಡೆಯ ದಿನ ಅವರ ಕೈಲಿ ಏನಿತ್ತು ನೋಡು. ನೆಲ ಇಲ್ಲ. ಉಳಲು ಹೇಸರಗತ್ತೆ ಇಲ್ಲ. ಬಿತ್ತನೆ ಬೀಜ ಇಲ್ಲ. ಮುಂದಿನ ಬೆಳೆ ಕೈಗೆ ಬರುವವರೆಗೆ ತಿನ್ನಲು ಕಾಳಿಲ್ಲ. ಎದ್ದು ಹೋಗಬಹುದಿತ್ತು, ನಿಜ. ಸಂಜೆ ಒಲೆಗೆ ಏನು ಹಾಕುವುದು?

ಇದನ್ನು ಅವರು ಮೊದಲೇ ಕಂಡಿದ್ದರು. 1865ರ ಜನವರಿ 12ರಂದು ಸವಾನ್ನಾದಲ್ಲಿ ಉತ್ತರದ ಜನರಲ್ ಶೆರ್ಮನ್ ಮತ್ತು ಯುದ್ಧ ಮಂತ್ರಿ ಸ್ಟ್ಯಾಂಟನ್ 20 ಜನ ಕಪ್ಪು ಪಾದ್ರಿಗಳನ್ನು ಕರೆಸಿ ನಿಮಗೆ ಏನು ಬೇಕು ಅಂತ ಕೇಳಿದರು. ಎಲ್ಲರ ಪರವಾಗಿ ಮಾತಾಡಿದವರು ಗ್ಯಾರಿಸನ್ ಫ್ರೇಜಿಯರ್, 67 ವರ್ಷದ ಮುದುಕರು. ತನ್ನನ್ನೂ ಹೆಂಡತಿಯನ್ನೂ 1,000 ಡಾಲರ್ ಚಿನ್ನ ಬೆಳ್ಳಿ ಎಣಿಸಿಕೊಟ್ಟು ಬಿಡಿಸಿಕೊಂಡಿದ್ದವರು. ನೆಲ ಕೊಡಿ, ನಾವೇ ಉತ್ತು ಬದುಕುತ್ತೇವೆ ಅಂದರು. ಸಂಬಳ ಕೇಳಲಿಲ್ಲ, ದಾನ ಕೇಳಲಿಲ್ಲ. ನಾಲ್ಕೇ ದಿನಕ್ಕೆ ಶೆರ್ಮನ್‌ನ 15ನೇ ಆದೇಶ ಬಂತು. ಚಾರ್ಲ್ಸ್‌ಟನ್‌ನಿಂದ ದಕ್ಷಿಣಕ್ಕೆ ಕಡಲಂಚಿನಲ್ಲಿ, ದ್ವೀಪಗಳಲ್ಲಿ ಒಂದು ಸಂಸಾರಕ್ಕೆ 40 ಎಕರೆವರೆಗೆ. ಸುಮಾರು 40,000 ಜನ ಹೋಗಿ ಬೇಸಾಯ ಶುರು ಮಾಡಿದರು.

ಏಪ್ರಿಲಿನಲ್ಲಿ ಲಿಂಕನ್ ಹತ್ಯೆ ಆಯಿತು. ಆಮೇಲೆ ಬಂದ ಆಂಡ್ರೂ ಜಾನ್ಸನ್ ಹಳೇ ಯಜಮಾನರಿಗೆ ಕ್ಷಮೆ ಕೊಟ್ಟು ನೆಲವನ್ನೂ ವಾಪಸ್ ಕೊಡಿಸಿದ. ಈ ಸುದ್ದಿ ಹೇಳಲು ಅಕ್ಟೋಬರಿನಲ್ಲಿ ಬಿಡುಗಡೆ ಆದವರ ಇಲಾಖೆಯ ಮುಖ್ಯಸ್ಥ ಜನರಲ್ ಹೊವಾರ್ಡ್ ಸೌತ್ ಕ್ಯಾರೊಲಿನಾದ ಎಡಿಸ್ಟೊ ದ್ವೀಪದ ಚರ್ಚಿಗೆ ಹೋದ. ಬೆಳೆ ನಿಂತಿರುವ ನೆಲ ಬಿಟ್ಟುಕೊಡಿ ಅಂತ ಜನರ ಮುಖ ನೋಡಿ ಹೇಳಬೇಕಾಯಿತು. ಪಾಪ, ಅವನಿಗೂ ಗಂಟಲು ಕಟ್ಟಿತ್ತಂತೆ. ಕಟ್ಟಿದರೂ ಹೇಳಿ ಬಂದ.

ಪರಿಹಾರ ಯಾರಿಗೂ ಸಿಗಲಿಲ್ಲ ಅಂದುಕೊಳ್ಳಬೇಡ. 1862ರ ಏಪ್ರಿಲಿನಲ್ಲಿ ವಾಷಿಂಗ್ಟನ್ ನಗರದಲ್ಲಿ ಗುಲಾಮಗಿರಿ ತೆಗೆದಾಗ ಸರ್ಕಾರ ತಲೆಗೆ 300 ಡಾಲರ್‌ವರೆಗೆ ಕೊಟ್ಟಿತು, ಯಜಮಾನನಿಗೆ! ಬ್ರಿಟಿಷರೂ 1833ರಲ್ಲಿ 2 ಕೋಟಿ ಪೌಂಡ್ ತೆಗೆದಿಟ್ಟಿದ್ದು ಯಜಮಾನರಿಗೇ.

ಈಗ ಕರಾರಿನ ವಿಷಯ. ನೆಲ ಹೋದ ಮೇಲೆ ಉಳಿದಿದ್ದು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ ಬೇಸಾಯ ಮಾಡುವುದು. ಯಜಮಾನನ ನೆಲ, ಗುಡಿಸಲು, ಹೇಸರಗತ್ತೆ. ಇವನ ಮೈಕೈ, ಹೆಂಡತಿ ಮಕ್ಕಳ ಕೈ. ಬೆಳೆಯಲ್ಲಿ ಅರ್ಧ. ಕೇಳಲು ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಬಿತ್ತನೆಯಿಂದ ಬಿಡಿಸುವವರೆಗೆ ಊಟ ಎಲ್ಲಿಂದ? ಅಂಗಡಿಯವನಿಂದ ಉದ್ರಿ. ಉಪ್ಪು ಹಾಕಿದ ಹಂದಿಮಾಂಸ, ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಬಟ್ಟೆ. ಅಂಗಡಿಯಲ್ಲಿ ಎರಡು ರೇಟು, ನಗದಿಗೆ ಒಂದು, ಉದ್ರಿಗೆ ಒಂದು. ಆ ವ್ಯತ್ಯಾಸವನ್ನು ಬಡ್ಡಿ ಅಂತ ಹಿಡಿದರೆ ವರ್ಷಕ್ಕೆ ಶೇ. 50 ದಾಟುತ್ತಿತ್ತು. ಅಡಮಾನ ಏನು? ಇನ್ನೂ ಹೊಲದಲ್ಲಿ ನಿಂತಿರುವ ಬೆಳೆ. ಅಂಗಡಿಯವನಿಗೆ ಹತ್ತಿಯೇ ಬೇಕು, ಜೋಳ ಬೆಳೆದುಕೊಂಡರೆ ಅವನ ವ್ಯಾಪಾರ ಹೋಯಿತಲ್ಲ. ಎಲ್ಲರೂ ಹತ್ತಿಯನ್ನೇ ಹಾಕಿದರು, ಬೆಲೆ ಬಿತ್ತು. ಯುದ್ಧದ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಪೌಂಡಿಗೆ ಒಂದು ಡಾಲರ್ ದಾಟಿದ್ದ ಹತ್ತಿ 1894ರಲ್ಲಿ ಸುಮಾರು 5 ಸೆಂಟ್.

ಡಿಸೆಂಬರಿನಲ್ಲಿ ಲೆಕ್ಕ ಚುಕ್ತಾ. ಯಜಮಾನ ಪುಸ್ತಕ ತೆಗೆದು ಓದುತ್ತಾನೆ. ನಿನ್ನ ಅರ್ಧ ಇಷ್ಟು, ಅಂಗಡಿ ಬಾಕಿ ಇಷ್ಟು, ಇನ್ನೂ ನೀನೇ ಕೊಡಬೇಕು, ಬರುವ ವರ್ಷಕ್ಕೆ ಹಾಕಿಕೊಂಡಿದ್ದೇನೆ. ಗುಲಾಮರಿಗೆ ಅಕ್ಷರ ಕಲಿಸುವುದೇ ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧ ಆಗಿತ್ತು. 1870ರ ಜನಗಣತಿಯಲ್ಲಿ ಕಪ್ಪು ಜನರಲ್ಲಿ ಓದುಬರಹ ಬಾರದವರು ಸುಮಾರು ಶೇ. 80. ಪುಸ್ತಕದಲ್ಲಿ 8 ಇದೆಯೋ 3 ಇದೆಯೋ ಯಾರು ನೋಡಬೇಕು? ನಾನು ಆ ಕಡೆಯ ಕುರ್ಚಿಯಲ್ಲಿ ಕೂತವನು. ಹೆಬ್ಬೆಟ್ಟು ಒತ್ತುವವರು ಪುಸ್ತಕ ನೋಡುವುದಿಲ್ಲ, ರೈಟರ್ ಮುಖ ನೋಡುತ್ತಾರೆ. ಮುಂದಿನ ತಲೆಮಾರು ಶಾಲೆಗೆ ಹೋಯಿತು, 1900ಕ್ಕೆ ಆ ಸಂಖ್ಯೆ ಶೇ. 45ರ ಹತ್ತಿರ ಇಳಿಯಿತು. ಅದು ಸಣ್ಣ ಸಾಧನೆ ಅಲ್ಲ.

ಬಾಕಿ ಇಟ್ಟು ಓಡಿಹೋದರೆ? ಅದಕ್ಕೂ ಕಾನೂನು. ಮಿಸಿಸಿಪ್ಪಿ 1865ರಲ್ಲೇ ನಿಯಮ ಮಾಡಿತು. ಪ್ರತಿ ಜನವರಿಯಲ್ಲಿ ಕಪ್ಪು ಜನ ಕೆಲಸ ಇದೆ ಅಂತ ಕಾಗದ ತೋರಿಸಬೇಕು. ನಡುವೆ ಕೆಲಸ ಬಿಟ್ಟರೆ ಆ ವರ್ಷದ ಕೂಲಿ ಹೋಯಿತು. ಕೆಲಸ ಇಲ್ಲದವನು ಅಲೆಮಾರಿ, 50 ಡಾಲರ್‌ವರೆಗೆ ದಂಡ, ಕಟ್ಟಲಾಗದಿದ್ದರೆ ದಂಡ ಕಟ್ಟಿದವನ ಹತ್ತಿರ ದುಡಿಯಬೇಕು.

ಅಲಬಾಮಾದ ಅಲೋಂಜೊ ಬೇಯ್ಲಿ ಎಂಬ ಕಪ್ಪು ಕೂಲಿಯ ಕೇಸನ್ನು ಸೆಮಿನಾರಿಗೆ ತಪ್ಪದೆ ಹಾಕು. ಸಂಬಳ ತಿಂಗಳಿಗೆ 12 ಡಾಲರ್, ಅಡ್ವಾನ್ಸ್ 15 ಡಾಲರ್. ತಿಂಗಳಿಗೆ 1.25 ಕಳೆದು 10.75 ಕೈಗೆ. ಒಂದು ತಿಂಗಳು ಚಿಲ್ಲರೆ ದಿನ ಮಾಡಿ ಬಿಟ್ಟ. ಇದು ಬರೀ ಸಾಲದ ತಕರಾರು, ಅಲ್ವಾ? ಅಲ್ಲಿನ ಕಾನೂನು ಮೋಸ ಅಂದಿತು. 30 ಡಾಲರ್ ದಂಡ ಮತ್ತು ಕೋರ್ಟು ಖರ್ಚು, ಕಟ್ಟದಿದ್ದರೆ ಒಟ್ಟು 136 ದಿನ ಕಠಿಣ ದುಡಿಮೆ. 1911ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನೇ ಹೊಡೆದುಹಾಕಿತು. ಬಿಡುಗಡೆ ಆಗಿ 46 ವರ್ಷ ಆದಮೇಲೆ.

ಓದುವಾಗ ನನಗೆ ನಗು ಬಂತು, ಖುಷಿಯದ್ದಲ್ಲ. ನಮ್ಮ ಕಡೆಯ ತೋಟಗಳಲ್ಲೂ ಬ್ರಿಟಿಷರ 1859ರ 13ನೇ ಕಾಯ್ದೆ ಇದನ್ನೇ ಮಾಡುತ್ತಿತ್ತು. ಮೇಸ್ತ್ರಿ ಕೈಲಿ ಅಡ್ವಾನ್ಸ್ ತಗೊಂಡ ಆಳು ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟು ಮೂರು ತಿಂಗಳವರೆಗೆ ಒಳಗೆ ಹಾಕಬಹುದಿತ್ತು. ಅದನ್ನು ರದ್ದು ಮಾಡಿದ್ದು 1925ರಲ್ಲಿ. ಲೆಕ್ಕದ ಪುಸ್ತಕಕ್ಕೆ ಪೊಲೀಸು ಕಾವಲು ಇದ್ದರೆ ಸಂಕೋಲೆ ಯಾಕೆ ಬೇಕು ಹೇಳು.

ಲೈನ್ ಮನೆ, ಸಕಲೇಶಪುರ

ರೈಟರ್ ಸರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ. ನಮ್ಮಜ್ಜಿ ತೋಟದ ಆಳುಗಳ ಲೈನ್ ಮನೆಯಲ್ಲೇ ಹುಟ್ಟಿ ಅಲ್ಲೇ ಸತ್ತವಳು. ಅಡ್ವಾನ್ಸ್ ಬುಕ್ಕಿನ ಈ ಕಡೆ ನಿಂತವಳು. ಆದರೂ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅವಳನ್ನು ಯಾರೂ ಹರಾಜಿಗೆ ನಿಲ್ಲಿಸಲಿಲ್ಲ, ಅವಳ ಮಕ್ಕಳನ್ನು ಮಾರಲಿಲ್ಲ. ಅಲ್ಲಿ 1808ರಲ್ಲಿ ಹೊರದೇಶದಿಂದ ಗುಲಾಮರನ್ನು ತರುವುದಕ್ಕೆ ಕಾನೂನು ತಡೆ ಹಾಕಿದ ಮೇಲೆ ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಹತ್ತಿಯ ರಾಜ್ಯಗಳಿಗೆ ಸುಮಾರು 10 ಲಕ್ಷ ಜನರನ್ನು ಸಾಗಿಸಿದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ.

ಪ್ರಶ್ನೆ ಕೇಳಿದವರಿಗೂ ಒಂದು ಮಾತು. ಎದ್ದು ಹೋಗಲಿಲ್ಲ ಅನ್ನುವುದೇ ಪೂರ್ತಿ ಸರಿಯಲ್ಲ. 1865ರಲ್ಲಿ ರಸ್ತೆ ತುಂಬ ಜನ ನಡೆದರು, ಮಾರಿಹೋದ ಮಕ್ಕಳನ್ನು, ತಾಯಂದಿರನ್ನು ಹುಡುಕಿಕೊಂಡು. ಪತ್ರಿಕೆಗಳಲ್ಲಿ ಜಾಹೀರಾತು ಹಾಕಿದರು. ನನ್ನ ಅಮ್ಮನ ಹೆಸರು ಇದು, ಇಂಥ ಯಜಮಾನನ ಹತ್ತಿರ ಇದ್ದಳು, ಇಂಥವನಿಗೆ ಮಾರಿದರು, ಗೊತ್ತಿದ್ದವರು ತಿಳಿಸಿ ಅಂತ. 1900 ದಾಟಿದ ಮೇಲೂ ಇಂಥವು ಬರುತ್ತಿದ್ದವು. ನೆಲದ ಲೆಕ್ಕಕ್ಕಿಂತ ಮೊದಲು ಅವರಿಗೆ ಬೇಕಾಗಿದ್ದು ಇದು.

ನೆಲದ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಪೂರ್ತಿ ಒಪ್ತೀನಿ. 1974ರಲ್ಲಿ ಉಳುವವನೇ ಹೊಲದೊಡೆಯ ಅಂದಾಗ ನಮ್ಮೂರಿನ ಗದ್ದೆ ಗೇಣಿದಾರರಿಗೆ ಬಂತು. ಕಾಫಿ ತೋಟ ಪ್ಲಾಂಟೇಶನ್ ಅಂತ ಹೊರಗೇ ಉಳಿಯಿತು. ಲೈನ್ ಮನೆ ತೋಟದ ಒಳಗೆ. ಕೆಲಸ ಬಿಟ್ಟರೆ ಮನೆಯೂ ಹೋಯಿತು. ಅಜ್ಜಿ ಯಾಕೆ ಎದ್ದು ಹೋಗಲಿಲ್ಲ ಅಂತ ನನ್ನನ್ನೂ ಕಾಲೇಜಲ್ಲಿ ಒಬ್ಬರು ಕೇಳಿದ್ದರು.

ಹೇಮಗಂಗೋತ್ರಿ ವಿದ್ಯಾರ್ಥಿ, ಹಾಸನ

ಇಷ್ಟೆಲ್ಲ ಬರೆದಿದ್ದಕ್ಕೆ ಥ್ಯಾಂಕ್ಸ್. ಎರಡು ಸಣ್ಣ ಡೌಟು. 1870ರಲ್ಲಿ 15ನೇ ತಿದ್ದುಪಡಿಯಿಂದ ಗಂಡಸರಿಗೆ ಓಟು ಬಂದಿತ್ತಲ್ಲ, ಈ ಕಾನೂನುಗಳನ್ನು ಬದಲಿಸಲು ಆಗಲಿಲ್ವಾ? ಮತ್ತೆ, ಹಳೇ ದುಡಿಮೆಗೆ ಕೂಲಿ ಕೊಡಿ ಅಂತ ಯಾರೂ ಕೇಳಲೇ ಇಲ್ವಾ?

ಅರಸೀಕೆರೆ ಜಂಕ್ಷನ್

ಸ್ವಲ್ಪ ಕಾಲ ಆಯಿತು. 1870ರಲ್ಲೇ ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ ಸೆನೆಟ್‌ಗೆ ಹೋದರು, ಅಲ್ಲಿ ಕೂತ ಮೊದಲ ಕಪ್ಪು ಮನುಷ್ಯ. ಆಮೇಲೆ ಮುಖವಾಡ ಹಾಕಿದ ಬಿಳಿಯರ ಗುಂಪುಗಳ ಹೊಡೆತ ಬಡಿತ, 1873ರಲ್ಲಿ ಲೂಸಿಯಾನಾದ ಕೋಲ್‌ಫ್ಯಾಕ್ಸ್‌ನಲ್ಲಿ ಕಪ್ಪು ಜನರ ಕಗ್ಗೊಲೆ. 1877ರಲ್ಲಿ ಹೇಯ್ಸ್ ಅಧ್ಯಕ್ಷನಾದಾಗ ದಕ್ಷಿಣದಲ್ಲಿ ಉಳಿದಿದ್ದ ಕೇಂದ್ರದ ಸೈನ್ಯದ ಕಾವಲೂ ಹೋಯಿತು. 1890ರಲ್ಲಿ ಮಿಸಿಸಿಪ್ಪಿ ಹೊಸ ಸಂವಿಧಾನ ಬರೆದು ತಲೆಗಂದಾಯ, ಓದಿ ತೋರಿಸುವ ಪರೀಕ್ಷೆ ಇಟ್ಟು ಓಟು ಕಿತ್ತುಕೊಂಡಿತು. ಉಳಿದ ರಾಜ್ಯಗಳೂ ಅದೇ ದಾರಿ ಹಿಡಿದವು.

ಮಾಜಿ ರೈಟರ್, ಮೂಡಿಗೆರೆ

ಸಕಲೇಶಪುರದ ಮಗಳು ಹೇಳಿದ್ದು ನ್ಯಾಯ.

ಕೂಲಿ ಕೇಳಿದವರು ಇದ್ದಾರೆ. ಜೋರ್ಡನ್ ಆಂಡರ್ಸನ್. ಟೆನೆಸಿಯಲ್ಲಿ ಗುಲಾಮ ಆಗಿದ್ದವನು, ಯುದ್ಧದ ಕಾಲದಲ್ಲಿ ಬಿಡುಗಡೆ ಆಗಿ ಒಹಾಯೊ ರಾಜ್ಯದ ಡೇಟನ್ ಊರಲ್ಲಿ ಸಂಸಾರ ಹೂಡಿದ. ಯುದ್ಧ ಮುಗಿದ ಮೇಲೆ ಹಳೇ ಯಜಮಾನ ಕರ್ನಲ್ ಆಂಡರ್ಸನ್ ವಾಪಸ್ ಬಾ, ಚೆನ್ನಾಗಿ ನೋಡಿಕೊಳ್ಳುತ್ತೇನೆ ಅಂತ ಕಾಗದ ಹಾಕಿದ. 1865ರ ಆಗಸ್ಟಿನಲ್ಲಿ ಜೋರ್ಡನ್ ಹೇಳಿ ಬರೆಸಿದ ಉತ್ತರ ಪತ್ರಿಕೆಗಳಲ್ಲೇ ಅಚ್ಚಾಯಿತು.

ಎಷ್ಟು ವಿನಯದ ಕಾಗದ ಗೊತ್ತಾ. ಇಲ್ಲಿ ನನಗೆ ತಿಂಗಳಿಗೆ 25 ಡಾಲರ್, ಊಟ ಬಟ್ಟೆ, ಮಕ್ಕಳು ಶಾಲೆಗೆ ಹೋಗುತ್ತವೆ, ನಿಮ್ಮ ಮಾತು ನಂಬಬಹುದೋ ನೋಡೋಣ, ಹಳೇ ಬಾಕಿ ಮೊದಲು ಕಳಿಸಿ ಅಂತಾನೆ. ತನ್ನದು 32 ವರ್ಷ, ತಿಂಗಳಿಗೆ 25. ಹೆಂಡತಿ ಮ್ಯಾಂಡಿಯದು 20 ವರ್ಷ, ವಾರಕ್ಕೆ 2. ಒಟ್ಟು 11,680 ಡಾಲರ್. ನಾನು ಕೂಡಿಸಿ ನೋಡಿದೆ, 9,600 ಮತ್ತು 2,080, ಒಂದು ಡಾಲರ್ ಆಚೀಚೆ ಇಲ್ಲ. ಮೇಲೆ ಬಡ್ಡಿ ಸೇರಿಸಿ ಅಂತಾನೆ. ಆಮೇಲೆ ಕಳೆಯುವುದನ್ನೂ ತಾನೇ ಹೇಳುತ್ತಾನೆ. ನೀವು ಕೊಡಿಸಿದ ಬಟ್ಟೆ, ನನಗೆ ಡಾಕ್ಟರು ಮೂರು ಸಲ ಬಂದಿದ್ದು, ಮ್ಯಾಂಡಿಯ ಒಂದು ಹಲ್ಲು ಕೀಳಿಸಿದ್ದು, ಅದನ್ನು ಕಳೆದುಕೊಂಡು ಉಳಿದಿದ್ದು ಕಳಿಸಿ. ಯಾವ ರೈಟರೂ ಇದಕ್ಕಿಂತ ನೀಟಾಗಿ ಬಿಲ್ ಬರೆಯಲಾರ.

ಕೊನೆಗೆ, ನೀವು ನನಗೆ ಗುಂಡು ಹಾರಿಸುತ್ತಿದ್ದಾಗ ಪಿಸ್ತೂಲು ಕಿತ್ತುಕೊಂಡ ಜಾರ್ಜ್ ಕಾರ್ಟರ್‌ಗೆ ನನ್ನ ನಮಸ್ಕಾರ ತಿಳಿಸಿ ಅಂತ ಮುಗಿಸುತ್ತಾನೆ. ದುಡ್ಡು ಬರಲಿಲ್ಲ. ಇವನೂ ಹೋಗಲಿಲ್ಲ.

ಲೈನ್ ಮನೆ, ಸಕಲೇಶಪುರ

ಸರ್, ಕಾಗದ ಚೆನ್ನಾಗಿದೆ. ಆದರೆ ಮ್ಯಾಂಡಿಗೆ ಮಾತ್ರ ವಾರಕ್ಕೆ 2 ಡಾಲರಾ?

ಮಾಜಿ ರೈಟರ್, ಮೂಡಿಗೆರೆ

ಆ ಕಾಲದ ಹೆಂಗಸರ ರೇಟು ಅದು ಮಗಾ. ನನ್ನ ಚೆಕ್‌ರೋಲಲ್ಲೂ ಗಂಡಾಳು, ಹೆಣ್ಣಾಳು ಬೇರೆ ಬೇರೆ ಕಾಲಂ.

ಲೈನ್ ಮನೆ, ಸಕಲೇಶಪುರ

ಗೊತ್ತು ಸರ್, ಅಜ್ಜಿ ಇದ್ದಿದ್ದು ಎರಡನೇ ಕಾಲಂನಲ್ಲಿ. ಗಂಡನ ರೇಟಲ್ಲೇ ಹಾಕಿದರೆ ಮ್ಯಾಂಡಿಯ 20 ವರ್ಷಕ್ಕೆ 6,000 ಆಗುತ್ತೆ, ಇಬ್ಬರದೂ ಸೇರಿ 15,600. ಗುರುವಾರ ಬೋರ್ಡ್ ಮೇಲೆ ಎರಡೂ ಲೆಕ್ಕ ಬರೆಯಿರಿ.